ಗಂಟಲು ನೋವು ಹೃದಯಕ್ಕೆ ಇಳಿದಾಗ

"ಗಂಟಲು ನೋಯ್ತಿದೆ ಉಮ್ಮ, ನುಂಗಲಿಕ್ಕೆ ಆಗ್ತಿಲ್ಲ" ಎನ್ನುತ್ತಾ ಮಗು ಶಾಲೆಯಿಂದ ಬರುತ್ತದೆ. ಮೈ ಮುಟ್ಟಿದರೆ ಬಿಸಿ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿ, ಜ್ವರದ ಮಾತ್ರೆ ಕೊಟ್ಟು ಮಲಗಿಸುತ್ತೀರಿ. ನಾಲ್ಕು ದಿನದಲ್ಲಿ ಮಗು ಮತ್ತೆ ಆಟಕ್ಕೆ ಓಡುತ್ತದೆ. ನೀವೂ ಮರೆತುಬಿಡುತ್ತೀರಿ.

ಎರಡು ಮೂರು ವಾರ ಕಳೆದ ಮೇಲೆ ಅದೇ ಮಗು ಮಂಡಿ ಹಿಡಿದುಕೊಂಡು ಅಳುತ್ತದೆ. ಮಂಡಿ ಊದಿದೆ. ಎರಡು ದಿನ ಬಿಟ್ಟು ನೋವು ಪಾದದ ಗಂಟಿಗೆ ಹೋಗುತ್ತದೆ, ಅಲ್ಲಿಂದ ಮೊಣಕೈಗೆ. ಎಲ್ಲೋ ಬಿದ್ದಿರಬೇಕು ಎಂದುಕೊಂಡು ಎಣ್ಣೆ ಹಚ್ಚಿ ಸುಮ್ಮನಾಗುತ್ತೇವೆ. ಗಂಟಲು ನೋವಿಗೂ ಕೀಲು ನೋವಿಗೂ ನಂಟಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಈ ನಂಟು ಹೃದಯದವರೆಗೂ ಹೋಗುತ್ತದೆ ಎಂದರೆ ನಂಬುವುದು ಇನ್ನೂ ಕಷ್ಟ.

ಇದರ ಹೆಸರು ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ಕೀಲು ನೋವು ಕೆಲವು ವಾರಗಳಲ್ಲಿ ಗುರುತೂ ಇಲ್ಲದಂತೆ ಹೋಗಿಬಿಡುತ್ತದೆ. ಆದರೆ ಹೃದಯದಲ್ಲಿ ಆದ ಗಾಯ ಜೀವನಪೂರ್ತಿ ಉಳಿಯಬಹುದು.

ಕಾವಲು ಪಡೆಯ ತಪ್ಪು

ಹೃದಯವನ್ನು ಗಾಯಗೊಳಿಸುವುದು ರೋಗಾಣುವೇ? ಅಲ್ಲ. ನಮ್ಮದೇ ದೇಹದ ರೋಗನಿರೋಧಕ ವ್ಯವಸ್ಥೆ!

ಈ ಗಂಟಲು ನೋವಿಗೆ ಕಾರಣ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದು ಒಳಗೆ ಬಂದೊಡನೆ ರಕ್ತದಲ್ಲಿರುವ ಬಿಳಿ ಕಣಗಳು ಪರಸ್ಪರ ಸಂದೇಶ ಕಳಿಸುತ್ತವೆ. ಸೈಟೊಕೈನ್ ಎಂಬ ಸೂಕ್ಷ್ಮ ಪದಾರ್ಥಗಳೇ ಈ ಸಂದೇಶಗಳು. ಸಂದೇಶ ತಲುಪಿದ ಮೇಲೆ ಶತ್ರುವಿನ ಗುರುತು ಹಿಡಿದು ಪ್ರತಿಕಾಯಗಳು ತಯಾರಾಗುತ್ತವೆ. ತೊಂದರೆ ಶುರುವಾಗುವುದು ಇಲ್ಲೇ. ಈ ಬ್ಯಾಕ್ಟೀರಿಯಾದ ಮೈಮೇಲಿನ ಒಂದು ಪ್ರೋಟೀನಿಗೂ ನಮ್ಮ ಹೃದಯದಲ್ಲಿರುವ ಪ್ರೋಟೀನಿಗೂ ಹೋಲಿಕೆಯಿದೆ. ಕಳ್ಳನ ಅಂಗಿಯನ್ನೇ ಹೋಲುವ ಅಂಗಿ ತೊಟ್ಟ ಮನೆಯವನನ್ನು ಕಾವಲುಗಾರ ಹೊಡೆದ ಹಾಗೆ, ಕೆಲವರ ದೇಹದಲ್ಲಿ ಪ್ರತಿಕಾಯಗಳು ಹೃದಯದ ಕವಾಟದ ಮೇಲೆ ಎರಗುತ್ತವೆ.

ಪೆಟ್ಟು ತಿಂದ ಕವಾಟದ ತೆಳು ಪದರ ತಾನೂ ಸಹಾಯಕ್ಕೆ ಕರೆಯುತ್ತದೆ. ಆ ಕರೆಗೆ ಓಗೊಟ್ಟು ಟಿ ಕೋಶಗಳೆಂಬ ಬಿಳಿ ಕಣಗಳು ಕವಾಟದೊಳಗೆ ನುಗ್ಗುತ್ತವೆ. ಅವು ಇನ್ನಷ್ಟು ಸಂದೇಶ ಕಳಿಸುತ್ತವೆ, ಇನ್ನಷ್ಟು ಕಣಗಳು ಬರುತ್ತವೆ. ಉರಿಯೂತ ಶಮನವಾದ ಮೇಲೆ ಅಲ್ಲಿ ಗಾಯದ ಕಲೆ ಉಳಿಯುತ್ತದೆ. ಮೃದುವಾಗಿ ತೆರೆದು ಮುಚ್ಚಬೇಕಾದ ಕವಾಟ ದಪ್ಪಗಾಗುತ್ತದೆ, ಅಂಟಿಕೊಳ್ಳುತ್ತದೆ ಅಥವಾ ಸೋರುತ್ತದೆ.

ಇನ್ನೊಂದು ಮಾತು ನೆನಪಿರಲಿ. ಈ ಕಾವಲು ಪಡೆಗೆ ನೆನಪಿನ ಶಕ್ತಿಯಿದೆ. ಅದೇ ಸೋಂಕು ಮತ್ತೆ ಬಂದರೆ ಹಳೆಯ ತಪ್ಪು ಇನ್ನೂ ಬೇಗ ಮರುಕಳಿಸುತ್ತದೆ. ಪ್ರತಿ ಸಲವೂ ಕವಾಟದ ಮೇಲೆ ಹೊಸ ಗಾಯ.

ಈ ಲಕ್ಷಣಗಳನ್ನು ಗಮನಿಸಿ

ಎಲ್ಲ ಗಂಟಲು ನೋವೂ ಅಪಾಯದ್ದಲ್ಲ. ನೆಗಡಿ, ಕೆಮ್ಮು, ಸೀನು ಜೊತೆಗಿದ್ದರೆ ಅದು ಬಹುತೇಕ ವೈರಸ್ಸಿನದ್ದು. ಅದಕ್ಕೆ ಆಂಟಿಬಯಾಟಿಕ್ ಬೇಡ. ಆದರೆ ಕೆಮ್ಮಿಲ್ಲದೆ ಇದ್ದಕ್ಕಿದ್ದಂತೆ ಜ್ವರ, ನುಂಗಲಾರದ ನೋವು, ಕತ್ತಿನಲ್ಲಿ ಮುಟ್ಟಿದರೆ ನೋಯುವ ಗಂಟು, ಗಂಟಲಲ್ಲಿ ಬಿಳಿ ಕೀವು ಕಂಡರೆ ವೈದ್ಯರಿಗೆ ತೋರಿಸಿ. ನೋವು ಶುರುವಾದ 9 ದಿನಗಳೊಳಗೆ ಪೆನಿಸಿಲಿನ್ ಚಿಕಿತ್ಸೆ ಆರಂಭವಾದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಪೆನಿಸಿಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 10 ದಿನಕ್ಕೆ ಬರೆದುಕೊಡುತ್ತಾರೆ. ಮೂರನೇ ದಿನ ನೋವು ಹೋಯಿತೆಂದು ನಿಲ್ಲಿಸಬೇಡಿ.

ಕೀಲಿಂದ ಕೀಲಿಗೆ ಹಾರುವ ನೋವು, ಆಟವಾಡುವಾಗ ಏದುಸಿರು, ಎದೆ ಡವಗುಟ್ಟುವುದು ಇವೂ ಎಚ್ಚರಿಕೆಯ ಗಂಟೆಗಳೇ. ಕೆಲವು ಮಕ್ಕಳಲ್ಲಿ, ಅದರಲ್ಲೂ ಹೆಣ್ಣು ಮಕ್ಕಳಲ್ಲಿ, ಕೈಕಾಲುಗಳು ತಾವಾಗಿಯೇ ಎಳೆದಾಡುತ್ತವೆ. ಅಕ್ಷರ ಕೆಡುತ್ತದೆ, ಕೈಯಲ್ಲಿದ್ದ ಲೋಟ ಜಾರಿ ಬೀಳುತ್ತದೆ. ಇದೂ ಅದೇ ಕಾಯಿಲೆಯ ಒಂದು ರೂಪ. ಬೇಕೆಂದೇ ಮಾಡುತ್ತಿದ್ದಾಳೆಂದು ಗದರಿಸುವ ಮೊದಲು, ದೃಷ್ಟಿ ತಾಗಿದೆಯೆಂದು ಅಲ್ಲಿ ಇಲ್ಲಿ ಅಲೆಯುವ ಮೊದಲು ವೈದ್ಯರ ಬಳಿಗೆ ಕರೆದೊಯ್ಯಿರಿ.

ಚೆನ್ನಾಗಿರುವವಳಿಗೆ ಇಂಜೆಕ್ಷನ್ ಏಕೆ?

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ 3 ಅಥವಾ 4 ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ಅದು ಹಾಳಾದ ಕವಾಟವನ್ನು ಸರಿಪಡಿಸುವುದಿಲ್ಲ. ಸೋಂಕು ಮತ್ತೆ ಬಾರದಂತೆ, ಕಾವಲು ಪಡೆಗೆ ಮತ್ತೆ ಕರೆ ಹೋಗದಂತೆ ತಡೆಯುತ್ತದೆ. ಹೃದಯಕ್ಕೆ ತಾಗದಿದ್ದರೆ ಕನಿಷ್ಠ 5 ವರ್ಷ ಅಥವಾ 21 ವಯಸ್ಸಿನವರೆಗೆ, ಇವೆರಡರಲ್ಲಿ ಯಾವುದು ದೀರ್ಘವೋ ಅಷ್ಟು ಕಾಲ ಇಂಜೆಕ್ಷನ್ ಬೇಕು. ಕವಾಟಕ್ಕೆ ಪೆಟ್ಟಾಗಿದ್ದರೆ 40 ವಯಸ್ಸಿನವರೆಗೂ ಬೇಕಾಗಬಹುದು. ಪೆನಿಸಿಲಿನ್ ಅಲರ್ಜಿ ಇದ್ದವರು ಮೊದಲೇ ತಿಳಿಸಬೇಕು, ಅವರಿಗೆ ಬೇರೆ ಔಷಧಿಗಳಿವೆ.

ಇದರಿಂದ ಲಾಭವಿದೆಯೇ? ಉಗಾಂಡದಲ್ಲಿ, ಯಾವ ಲಕ್ಷಣವೂ ಇಲ್ಲದೆ ಸ್ಕ್ಯಾನಿಂಗಿನಲ್ಲಿ ಮಾತ್ರ ಕವಾಟದ ದೋಷ ಕಂಡ 818 ಮಕ್ಕಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳಲ್ಲಿ ಇಂಜೆಕ್ಷನ್ ಪಡೆಯದವರಲ್ಲಿ ನೂರಕ್ಕೆ 8 ಮಕ್ಕಳ ಕಾಯಿಲೆ ಉಲ್ಬಣಿಸಿತ್ತು. ಪಡೆದವರಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಹಾಗಿದ್ದೂ ಅನೇಕರು ನಡುವೆಯೇ ನಿಲ್ಲಿಸುತ್ತಾರೆ. ಸೂಜಿಯ ನೋವು, ಆಸ್ಪತ್ರೆಯ ದೂರ, "ಚೆನ್ನಾಗಿಯೇ ಇದ್ದಾಳಲ್ಲ" ಎಂಬ ಮಾತು. ಹೆಣ್ಣು ಮಕ್ಕಳ ವಿಷಯದಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಮದುವೆಯ ಮಾತುಕತೆ ಶುರುವಾದೊಡನೆ ಗಂಡಿನ ಕಡೆಯವರಿಗೆ ತಿಳಿದೀತೆಂಬ ಹೆದರಿಕೆಯಿಂದ ಕೆಲವು ಮನೆಗಳಲ್ಲಿ ಇಂಜೆಕ್ಷನ್ ನಿಲ್ಲುತ್ತದೆ, ಆಸ್ಪತ್ರೆಯ ಚೀಟಿ ಪೆಟ್ಟಿಗೆಯ ತಳ ಸೇರುತ್ತದೆ.

ಇದರ ಬೆಲೆ ತೆರುವವಳು ಆ ಹುಡುಗಿ. ಗರ್ಭಿಣಿಯಾದಾಗ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಕಿರಿದಾದ ಕವಾಟಕ್ಕೆ ಅಷ್ಟನ್ನು ಸಾಗಿಸಲಾಗದು. ಅಲ್ಲಿಯವರೆಗೆ ಆರಾಮವಾಗಿದ್ದವಳಿಗೆ ಐದಾರು ತಿಂಗಳಲ್ಲಿ ಮಲಗಿದರೆ ಉಸಿರು ಕಟ್ಟುತ್ತದೆ. ಮೊದಲೇ ಗೊತ್ತಿದ್ದರೆ ದಾರಿಗಳಿವೆ. ತೊಡೆಯ ರಕ್ತನಾಳದ ಮೂಲಕ ಬಲೂನ್ ಕಳಿಸಿ ಕವಾಟ ಅಗಲಿಸುವ ವಿಧಾನವನ್ನು ಜಪಾನಿನ ವೈದ್ಯ ಕಾಂಜಿ ಇನೋವೆ 1980ರ ದಶಕದಲ್ಲಿ ರೂಪಿಸಿದರು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲೂ ಈ ಚಿಕಿತ್ಸೆಯಿದೆ. ಕೃತಕ ಕವಾಟ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಾಣಬೇಕು, ಏಕೆಂದರೆ ಅಂಥ ಕೆಲವು ಮಾತ್ರೆಗಳು ಶಿಶುವಿಗೆ ಅಪಾಯಕಾರಿ. ತಾವಾಗಿಯೇ ನಿಲ್ಲಿಸುವುದು ತಾಯಿಗೆ ಅಪಾಯ.

ಆದ್ದರಿಂದ ಆ ಚೀಟಿಯನ್ನು ಬಚ್ಚಿಡಬೇಡಿ. ಮದುವೆಯಾಗಿ ಹೋಗುವ ಮಗಳಿಗೆ ಒಡವೆಯ ಜೊತೆ ಅದನ್ನೂ ಕೊಟ್ಟು ಕಳಿಸಿ. ಸೊಸೆಯಾಗಿ ಬಂದವಳು ಅದನ್ನು ಮುಂದಿಟ್ಟರೆ ಮುಖ ಸಿಂಡರಿಸದೆ, ಮುಂದಿನ ಇಂಜೆಕ್ಷನ್ನಿನ ದಿನಾಂಕವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನೀವೇ ಗುರುತು ಮಾಡಿ.