ಕ್ಲೌಡ್ ಕೋರ್ಸ್: ಫೀಸು ಕಟ್ಟುವ ಮೊದಲು

‘ಕ್ಲೌಡ್ ಕಲಿತರೆ ಗಲ್ಫ್‌ನಲ್ಲಿ ಕೆಲಸ ಗ್ಯಾರಂಟಿ’ ಎನ್ನುವವರಿದ್ದಾರೆ. ಮಾತಿನಲ್ಲಿ ಸ್ವಲ್ಪ ಹುರುಳಿದೆ. ಅಮೆಜಾನ್ 2019ರಲ್ಲಿ ಬಹರೈನ್‌ನಲ್ಲಿ, 2022ರಲ್ಲಿ ಯುಎಇಯಲ್ಲಿ ಕ್ಲೌಡ್ ಕೇಂದ್ರ ತೆರೆದಿದೆ. ಆದರೆ ಗ್ಯಾರಂಟಿ ಯಾರಿಂದಲೂ ಆಗದು. ಉಪ್ಪ ದುಡಿದು ಕಳಿಸಿದ ಹಣ ಫೀಸಿಗೆ ಹೋಗುವ ಮೊದಲು ಮನೆಯವರು ಒಂದಿಷ್ಟು ತಿಳಿದಿರಲಿ.

ಕ್ಲೌಡ್ ಎಂದರೆ ಇಂಟರ್ನೆಟ್ ಮೂಲಕ ಸಿಗುವ ಬಾಡಿಗೆ ಕಂಪ್ಯೂಟರ್. ಅಂಗಡಿ ಕೋಣೆ ಬಾಡಿಗೆಗೆ ಹಿಡಿದ ಹಾಗೆ. ಕಟ್ಟಡ ಮಾಲಕರ ಹೊಣೆ, ಶಟರಿಗೆ ಬೀಗ ಹಾಕುವುದು ನಮ್ಮ ಹೊಣೆ. ಪರೀಕ್ಷೆಗೆ ಬೇಕಾದ ಮುಖ್ಯ ಪಾಠಗಳಲ್ಲಿ ಇದೂ ಒಂದು.

ಅಮೆಜಾನ್‌ನ ‘ಕ್ಲೌಡ್ ಪ್ರಾಕ್ಟೀಷನರ್’ ಮೊದಲ ಮೆಟ್ಟಿಲು. 90 ನಿಮಿಷ, 65 ಪ್ರಶ್ನೆ. 1000ಕ್ಕೆ 700 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಶುಲ್ಕ 100 ಡಾಲರ್, ತೆರಿಗೆ ಬೇರೆ. ಕೋಡಿಂಗ್ ಬೇಡ, ಬಿಕಾಂ ಓದಿದವರೂ ಬರೆಯಬಹುದು. ಕಂಪೆನಿಯ ‘ಸ್ಕಿಲ್ ಬಿಲ್ಡರ್’ನಲ್ಲಿ ಉಚಿತ ಪಾಠಗಳಿವೆ. ಕಲಿಯುವುದೂ ಪರೀಕ್ಷೆ ಬರೆಯುವುದೂ ಮನೆಯಿಂದಲೇ ಆಗುವುದರಿಂದ ಮದುವೆಯಾದ ಹೆಣ್ಮಕ್ಕಳಿಗೂ ಅನುಕೂಲ.

ಅಭ್ಯಾಸದ ಖಾತೆ ತೆರೆಯುವಾಗ ಪಾವತಿ ವಿವರ ಕೊಡಬೇಕು. ಮೊದಲ ದಿನವೇ ಎರಡು ಹಂತದ ಲಾಗಿನ್, ಬಜೆಟ್ ಅಲರ್ಟ್ ಇಟ್ಟುಕೊಳ್ಳಿ. ಅಲರ್ಟ್ ಎಚ್ಚರಿಸುತ್ತದೆ ಅಷ್ಟೇ, ಖರ್ಚು ನಿಲ್ಲಿಸುವುದಿಲ್ಲ. ಪಾವತಿ ಪ್ಲಾನ್‌ನಲ್ಲಿ ಉಚಿತ ಮಿತಿ ದಾಟಿದರೆ, ಆಫ್ ಮಾಡದ ಸರ್ವರ್ ರಿಕ್ಷಾ ಮೀಟರಿನಂತೆ ಓಡುತ್ತಲೇ ಇರುತ್ತದೆ.

ಸರ್ಟಿಫಿಕೇಟಿನ ಅವಧಿ 3 ವರ್ಷ. ಇದೊಂದರಿಂದಲೇ ಕೆಲಸ ಸಿಗದು. ಜೊತೆಗೆ ಲಿನಕ್ಸ್, ನೆಟ್‌ವರ್ಕಿಂಗ್ ಕಲಿತು, ಒಂದು ಸಣ್ಣ ವೆಬ್‌ಸೈಟನ್ನಾದರೂ ಕೈಯಾರೆ ಕಟ್ಟಿ ತೋರಿಸಬೇಕು. ಗ್ಯಾರಂಟಿ ಕೊಡುವವರ ಹತ್ತಿರ ಅದನ್ನು ಬರೆದುಕೊಡಲು ಹೇಳಿ, ಸತ್ಯ ಅಲ್ಲೇ ತಿಳಿಯುತ್ತದೆ.