ಬಿಳಿಜೋಳದ ನೆಲದಲ್ಲಿ ದ್ರಾಕ್ಷಿ ಬಳ್ಳಿ

ಜಮಖಂಡಿಯಿಂದ ಸಾವಳಗಿಯತ್ತ ಹೊರಟವರಿಗೆ ಕಬ್ಬಿನ ಗದ್ದೆಗಳ ಆಚೆ ಕಂಬ-ತಂತಿಗಳ ಚಪ್ಪರಗಳು ಕಾಣತೊಡಗುತ್ತವೆ. ಅಲ್ಲಲ್ಲಿ ಹಸಿರು ಬಲೆ ಹೊದ್ದ ಉದ್ದನೆಯ ಶೆಡ್ಡುಗಳು. ದ್ರಾಕ್ಷಿಯೆಂದರೆ ಮೆಡಿಟರೇನಿಯನ್ ಸೀಮೆಯ ಬೆಟ್ಟ-ಕಣಿವೆಗಳ ಬೆಳೆ ಎಂದು ಭೂಗೋಳದಲ್ಲಿ ಓದಿದ ಮಕ್ಕಳಿಗೆ ಬಿಳಿಜೋಳದ ಈ ಬಿಸಿಲುನಾಡಿನಲ್ಲಿ ಅದನ್ನು ಕಂಡು ಅಚ್ಚರಿಯಾದೀತು.

ದಖ್ಖನ್ನಿಗೆ ದ್ರಾಕ್ಷಿ ಹೊಸದೇನಲ್ಲ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ದೌಲತಾಬಾದಿನ ದ್ರಾಕ್ಷಿಯನ್ನು ಹೆಸರಿಸಿದ್ದಾನೆ. ಆದರೆ ಜಮಖಂಡಿ ಸೀಮೆಯಲ್ಲಿ ಕೃಷ್ಣೆ ಮಗ್ಗುಲಲ್ಲೇ ಹರಿದರೂ ಬೇಸಿಗೆಯಲ್ಲಿ ಹೊಲಕ್ಕೆ ನೀರಿರಲಿಲ್ಲ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದರ ಹೆಸರೇ ಶ್ರಮಬಿಂದು ಸಾಗರ. ನದಿಯಂಚಿನ ನೀರು ಹೆಚ್ಚಾಗಿ ಕಬ್ಬಿನ ಪಾಲಾಯಿತು. ನೀರು ಅಳೆದು ಕೊಡಬೇಕಾದ ಎರೆ-ಮಡ್ಡಿ ಹೊಲಗಳಿಗೆ ಹನಿ ನೀರಾವರಿಯ ದ್ರಾಕ್ಷಿ ಹೊಂದಿತು.

ಈ ತೋಟಗಳೆಲ್ಲ ಬಹುತೇಕ ಮನೆಮಂದಿ ಕೂಡಿ ನಡೆಸುವಂಥವು. ಅಜ್ಜ ಜೋಳ ಬಿತ್ತಿದ ಹೊಲದಲ್ಲಿ ಮಗ ಬಳ್ಳಿ ನೆಟ್ಟ, ಮೊಮ್ಮಗ ಕತ್ತರಿ ಹಿಡಿದ. ತಳಿಯ ವಂಶಾವಳಿಯೂ ಹಾಗೇ ಉದ್ದ. ಏಷ್ಯಾದ ಬೀಜರಹಿತ ಕಿಶ್‌ಮಿಶ್ ದ್ರಾಕ್ಷಿಯನ್ನು ವಿಲಿಯಂ ಥಾಮ್ಸನ್ ಎಂಬಾತ 1870ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆಸಿದ. ಅದೇ ಥಾಮ್ಸನ್ ಸೀಡ್‌ಲೆಸ್. ಅದರಿಂದ ಸಾಂಗ್ಲಿ ಜಿಲ್ಲೆಯ ತಾಸಗಾಂವ ಭಾಗದಲ್ಲಿ ಆರಿಸಿಕೊಂಡ ತಳಿ ತಾಸ್-ಎ-ಗಣೇಶ.

ತಂಪು ದೇಶಗಳಲ್ಲಿ ಚಳಿಗಾಲ ಬಂದೊಡನೆ ಬಳ್ಳಿ ಎಲೆಯುದುರಿಸಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ! ಆದ್ದರಿಂದ ಚಳಿಗಾಲದ ಕೆಲಸವನ್ನು ಕತ್ತರಿ ಮಾಡಬೇಕು. ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು ಚಾಟ್ನಿ. ಏಪ್ರಿಲ್ ಚಾಟ್ನಿಯಾದ ಸುಮಾರು ಒಂದೂವರೆ ತಿಂಗಳಿಗೆ ಹೊಸ ಕಡ್ಡಿಯ ಮೊಗ್ಗಿನೊಳಗೆ ಮುಂದಿನ ಗೊನೆಯ ರೂಪ ಮೂಡುತ್ತಿರುತ್ತದೆ, ಕಣ್ಣಿಗೆ ಕಾಣದು. ಆಗ ಬಿಸಿಲು ಕಡಿಮೆಯಾದರೆ ಬರುವ ವರ್ಷದ ಫಸಲೇ ಕಡಿಮೆ. ಕಾಯಿ ಉದ್ದವಾಗಲು ಸಿಂಪಡಿಸುವ ಜಿಬ್ಬರೆಲಿನ್ನಿನ ಕಥೆ ಇನ್ನೂ ಸೋಜಿಗದ್ದು. 1926ರಲ್ಲಿ ಜಪಾನಿನ ಕುರೊಸಾವಾ, ಭತ್ತದ ಸಸಿಯನ್ನು ಹುಚ್ಚುಹುಚ್ಚಾಗಿ ಉದ್ದ ಬೆಳೆಸುವ ಶಿಲೀಂಧ್ರ ರೋಗವನ್ನು ಅಭ್ಯಸಿಸುವಾಗ ಅದರ ಸುಳಿವು ಸಿಕ್ಕಿತು.

ನೀರಿನ ಜೊತೆ ಉಪ್ಪೂ ಬಂತು. ಸವಳು ನೆಲದಲ್ಲಿ ಸ್ವಂತ ಬೇರಿನ ಬಳ್ಳಿ ಸೊರಗುತ್ತದೆ. ಅದಕ್ಕೇ ಈಗ ಅಮೆರಿಕದ ಟೆಕ್ಸಾಸ್ ಮೂಲದ ಡಾಗ್‌ರಿಜ್ ಬೇರಿನ ಮೇಲೆ ಕಸಿ ಕಟ್ಟುವುದು ರೂಢಿ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿದಾಗಲೂ ಕೈಹಿಡಿದದ್ದು ಅಮೆರಿಕದ ಬೇರೇ.

ಅಕ್ಟೋಬರ್ ಚಾಟ್ನಿಯ ನಂತರದ ವಾರಗಳು ಮನೆಯವರಿಗೆ ನಿದ್ದೆಗೆಡಿಸುವ ದಿನಗಳು. ಎಳೆ ಗೊನೆ ಹೊರಟಾಗ ಮಳೆ ಹಿಡಿದು ಕೂತರೆ ಬೂಜು ರೋಗ ಎಗರಿ ಬರುತ್ತದೆ, ಸಾಲ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಇದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ಹಣ್ಣುಗಳ್ಳರಿಂದ ಎನ್ನಬೇಕು. ದಾರಿಹೋಕರು ಹಣ್ಣು ಕೀಳದಿರಲೆಂದು ಫ್ರಾನ್ಸಿನ ರೈತರು ಮೈಲುತುತ್ತ-ಸುಣ್ಣ ಬಳಿದ ಬಳ್ಳಿಗಳಿಗೆ ರೋಗ ತಗಲದ್ದನ್ನು ಕಂಡ ಮಿಲಾರ್ಡೆ, 1885ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದ.

ಹಸಿ ಹಣ್ಣಿಗೆ ಬೆಲೆ ಸಿಗದಿದ್ದರೆ ಕಾಯಲಾಗದು. ಒಣದ್ರಾಕ್ಷಿಯಾದರೆ ಶೀತಲಗೃಹದಲ್ಲಿಟ್ಟು ಕಾಯಬಹುದು. ಹಣ್ಣಿನ ಸಿಪ್ಪೆಯ ಮೇಲೆ ನೀರು ಹೊರಹೋಗದಂತೆ ತೆಳು ಮೇಣವಿರುತ್ತದೆ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಈಥೈಲ್ ಓಲಿಯೇಟ್ ಬೆರೆಸಿ ಗೊನೆ ಅದ್ದಿದರೆ ಆ ಮೇಣದ ಕಟ್ಟು ಸಡಿಲಿ ತೇವ ಹೊರಬರಲು ದಾರಿಯಾಗುತ್ತದೆ. ಶೆಡ್ಡಿನ ನೆರಳಲ್ಲಿ ಎರಡು ವಾರ ಗಾಳಿಯಾಡಿದರೆ ಸುಮಾರು 4 ಕಿಲೋ ಹಣ್ಣು 1 ಕಿಲೋ ಮಣೂಕವಾಗುತ್ತದೆ.

ಇದೆಲ್ಲ ನಡೆಯುವುದು ಮಾರ್ಚ್-ಏಪ್ರಿಲ್‌ನಲ್ಲಿ, ಮಕ್ಕಳ ಪರೀಕ್ಷೆಯ ಹೊತ್ತಿಗೇ. ಆಗಲೇ ಅಡ್ಡಮಳೆಯ ಕಾಟವೂ. ಬಡಗಣ ದಿಕ್ಕಿನಲ್ಲಿ ಗುಡುಗು ಕೇಳಿದರೆ ಪುಸ್ತಕ ಮಡಚಿಟ್ಟು ಹುಡುಗರೂ ತಾಡಪತ್ರಿ ಇಳಿಬಿಡಲು ಶೆಡ್ಡಿನತ್ತ ಓಡುತ್ತಾರೆ.