ಗೇಮಿಂಗ್ ಕಂಪ್ಯೂಟರ್‌ನ ಬಿಡಿಭಾಗಗಳ ಆಯ್ಕೆ

ಗೇಮಿಂಗ್ ಕಂಪ್ಯೂಟರ್ ಎಂಬುದು ವಿಡಿಯೊ ಆಟಗಳಿಗೆ ಬೇಕಾದ ಚಿತ್ರಸಂಸ್ಕರಣ ಸಾಮರ್ಥ್ಯವುಳ್ಳ ವೈಯಕ್ತಿಕ ಗಣಕಯಂತ್ರ. ಸಿದ್ಧ ಯಂತ್ರದ ಬದಲು ಬಿಡಿಭಾಗಗಳನ್ನು ಪ್ರತ್ಯೇಕವಾಗಿ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳುವ ರೂಢಿ ವ್ಯಾಪಕವಾಗಿದೆ. ಭಾರತದ ಮಾರುಕಟ್ಟೆಯಲ್ಲಿ ಇಂತಹ ಯಂತ್ರವನ್ನು ‘ಅಸೆಂಬಲ್ಡ್ ಕಂಪ್ಯೂಟರ್’ ಎನ್ನುತ್ತಾರೆ. ಜೋಡಣೆಗೆ ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಮಧ್ಯಾಹ್ನದ ಬಿಡುವು ಸಾಕಾಗುತ್ತದೆ. ಕಷ್ಟವಿರುವುದು ಆಯ್ಕೆಯಲ್ಲಿ. ಹಣ ಮಿತವಾಗಿದ್ದಾಗ ಒಂದು ಭಾಗದ ಮೇಲಿನ ಅತಿವೆಚ್ಚ ಇನ್ನೊಂದರ ಗುಣಮಟ್ಟವನ್ನು ಕುಗ್ಗಿಸುತ್ತದೆ. ಪರಸ್ಪರ ಹೊಂದದ ಎರಡು ಭಾಗಗಳನ್ನು ಕೊಂಡರೆ ಯಂತ್ರ ಚಾಲನೆಯಾಗುವುದೇ ಇಲ್ಲ.

ಹಿನ್ನೆಲೆ

1981ರಲ್ಲಿ ಐಬಿಎಂ ಸಂಸ್ಥೆ ಬಿಡುಗಡೆ ಮಾಡಿದ ಪರ್ಸನಲ್ ಕಂಪ್ಯೂಟರ್ ಬೇರೆ ತಯಾರಕರ ಭಾಗಗಳನ್ನೂ ಸೇರಿಸಬಹುದಾದ ವಿನ್ಯಾಸವನ್ನು ಹೊಂದಿತ್ತು. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನದಂಡವು ಮದರ್‌ಬೋರ್ಡಿನ ಅಳತೆ, ಸ್ಕ್ರೂಗಳ ಸ್ಥಾನ ಹಾಗೂ ವಿದ್ಯುತ್ ಸಂಪರ್ಕಗಳನ್ನು ನಿಗದಿಪಡಿಸಿತು. ಒಂದು ಕಂಪನಿಯ ಕ್ಯಾಬಿನೆಟ್‌ನಲ್ಲಿ ಮತ್ತೊಂದು ಕಂಪನಿಯ ಬೋರ್ಡ್ ಕೂರುವುದು ಈ ಮಾನದಂಡದಿಂದಾಗಿ. ಭಾರತದಲ್ಲಿ ಬಿಡಿಭಾಗಗಳ ವ್ಯಾಪಾರ ಕೆಲವು ಬೀದಿಗಳ ಸುತ್ತ ಬೆಳೆಯಿತು: ದೆಹಲಿಯ ನೆಹರೂ ಪ್ಲೇಸ್, ಮುಂಬೈನ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ಣ ಹೆಸರು ಈಗ ಬಳಕೆಯಲ್ಲಿ ಅಪರೂಪ. ಆನ್‌ಲೈನ್ ಮಾರಾಟ ಹೆಚ್ಚಿದ ಮೇಲೂ ಬೆಲೆ ವಿಚಾರಿಸಲು ಮತ್ತು ಕೈಯಲ್ಲಿ ಹಿಡಿದು ನೋಡಲು ಗ್ರಾಹಕರು ಇಂತಹ ಬೀದಿಗಳಿಗೆ ಹೋಗುತ್ತಾರೆ.

ಪರದೆಯ ನಿರ್ಧಾರ

ಮೊದಲ ಬಾರಿ ಕಂಪ್ಯೂಟರ್ ಜೋಡಿಸುವವರು ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಪಟ್ಟಿ ಆರಂಭಿಸುತ್ತಾರೆ. ಮಾನಿಟರ್‌ನಿಂದ ಆರಂಭಿಸುವುದು ಹೆಚ್ಚು ತರ್ಕಬದ್ಧ, ಏಕೆಂದರೆ ಯಂತ್ರ ಎಷ್ಟು ಕೆಲಸ ಮಾಡಬೇಕೆಂಬುದನ್ನು ಪರದೆಯೇ ನಿರ್ಧರಿಸುತ್ತದೆ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ, 2560×1440ರಲ್ಲಿ 36.9 ಲಕ್ಷ, 3840×2160ರಲ್ಲಿ 82.9 ಲಕ್ಷ. ಪ್ರತಿ ಚಿತ್ರಕ್ಕೂ ಗ್ರಾಫಿಕ್ಸ್ ಕಾರ್ಡ್ ಇಷ್ಟೂ ಬಿಂದುಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಸೆಕೆಂಡಿಗೆ 60 ಚಿತ್ರಗಳಾದರೆ ಒಂದೊಂದಕ್ಕೆ ಸಿಗುವ ಕಾಲ 16.7 ಮಿಲಿಸೆಕೆಂಡ್, 144 ಚಿತ್ರಗಳಾದರೆ 6.9 ಮಿಲಿಸೆಕೆಂಡ್ ಮಾತ್ರ. ಮಿತ ಬಜೆಟ್ಟಿಗೆ 1080 ಸಾಲುಗಳ ಪರದೆಯೇ ತಕ್ಕದ್ದು. ಮಾನಿಟರ್, ಕೀಲಿಮಣೆ, ಮೌಸ್ ಮತ್ತು ಹೆಡ್‌ಫೋನ್‌ಗಳ ಬೆಲೆಯನ್ನು ಆರಂಭದಲ್ಲಿಯೇ ಲೆಕ್ಕಕ್ಕೆ ಸೇರಿಸದೆ ಕೊನೆಯಲ್ಲಿ ಹಣ ಸಾಲದಾಗುವುದು ಬಹಳ ಸಾಮಾನ್ಯ.

ಗ್ರಾಫಿಕ್ಸ್ ಕಾರ್ಡ್

ಆಟದ ವೇಗವನ್ನು ಅತಿ ಹೆಚ್ಚಾಗಿ ನಿರ್ಧರಿಸುವ ಭಾಗ ಇದು. ಮಾನಿಟರ್ ಹೊರತುಪಡಿಸಿದ ಬಜೆಟ್ಟಿನ ಮೂರನೆಯ ಒಂದರಿಂದ ಐದನೆಯ ಎರಡರಷ್ಟು ಪಾಲನ್ನು ಇದಕ್ಕೆ ಮೀಸಲಿಡುವುದು ರೂಢಿಯ ಲೆಕ್ಕ. ಎನ್‌ವಿಡಿಯಾ, ಎಎಂಡಿ ಮತ್ತು ಇಂಟೆಲ್ ಸಂಸ್ಥೆಗಳು ಚಿಪ್‌ಗಳನ್ನು ವಿನ್ಯಾಸಗೊಳಿಸುತ್ತವೆ; ಅಂಗಡಿಯಲ್ಲಿ ಸಿಗುವ ಕಾರ್ಡ್‌ಗಳ ಮೇಲೆ ಹೆಚ್ಚಾಗಿ ಬೇರೆ ತಯಾರಕರ ಹೆಸರಿರುತ್ತದೆ. ಒಂದೇ ಚಿಪ್‌ನ ಎರಡು ಕಾರ್ಡ್‌ಗಳ ನಡುವೆ ವೇಗದ ವ್ಯತ್ಯಾಸ ಅಲ್ಪವಾದುದರಿಂದ ಬಣ್ಣದ ದೀಪಗಳುಳ್ಳ ಮೂರು ಫ್ಯಾನಿನ ಮಾದರಿಗೆ ಹೆಚ್ಚು ಕೊಡುವುದು ಮಿತ ಬಜೆಟ್ಟಿನಲ್ಲಿ ಸಮರ್ಥನೀಯವಲ್ಲ.

ಹೆಚ್ಚು ನಷ್ಟವಾಗುವುದು ಹೆಸರಿನ ಗೊಂದಲದಿಂದ. ಜಿಟಿ 1030 ಎಂಬ ಕಾರ್ಡ್ 2017ರಲ್ಲಿ ಜಿಡಿಡಿಆರ್5 ಸ್ಮೃತಿಯೊಂದಿಗೆ ಬಂದಿತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಸ್ಮೃತಿಯ ಆವೃತ್ತಿಯೂ ಬಂದಿತು. ಎರಡನೆಯದರ ಸ್ಮೃತಿಯ ವೇಗ ಮೊದಲನೆಯದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಆರ್‌ಟಿಎಕ್ಸ್ 3050ರ 8 ಜಿಬಿ ಮತ್ತು 6 ಜಿಬಿ ಆವೃತ್ತಿಗಳ ವ್ಯತ್ಯಾಸವೂ ಸ್ಮೃತಿಯ ಗಾತ್ರಕ್ಕೆ ಸೀಮಿತವಲ್ಲ: ಮೊದಲನೆಯದರಲ್ಲಿ 2560 ಗಣನ ಘಟಕಗಳಿದ್ದರೆ ಎರಡನೆಯದರಲ್ಲಿ 2304 ಇವೆ. ಆದುದರಿಂದ ಮಾದರಿಯ ಸಂಖ್ಯೆಯ ಜೊತೆಗೆ ಸ್ಮೃತಿಯ ಬಗೆ ಹಾಗೂ ಗಾತ್ರವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ವಿಹಿತ.

2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಇನ್ನೊಂದು ಬಗೆಯ ಉದಾಹರಣೆ. ಇದು ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕು ಪಥಗಳನ್ನು ಮಾತ್ರ ಬಳಸುತ್ತದೆ. ನಾಲ್ಕನೆಯ ಪೀಳಿಗೆಯ ಬೋರ್ಡಿನಲ್ಲಿ ಇದರಿಂದ ಹೆಚ್ಚು ತೊಂದರೆಯಿಲ್ಲ. ಮೂರನೆಯ ಪೀಳಿಗೆಯ ಬೋರ್ಡಿನಲ್ಲಿ ದತ್ತಾಂಶ ಸಾಗುವ ವೇಗ ಅರ್ಧಕ್ಕಿಳಿದು, 4 ಜಿಬಿ ಸ್ಮೃತಿ ತುಂಬಿದೊಡನೆ ಆಟ ತಡವರಿಸುತ್ತದೆ. ಅಗ್ಗದ ಕಾರ್ಡನ್ನು ಅಗ್ಗದ ಬೋರ್ಡಿಗೆ ಹಾಕುವವರೇ ಇದರಿಂದ ನಷ್ಟ ಅನುಭವಿಸಿದರು ಎಂಬುದು ವಿಪರ್ಯಾಸ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಇವೆರಡನ್ನು ಜೋಡಿಯಾಗಿಯೇ ಆರಿಸಬೇಕು, ಏಕೆಂದರೆ ಪ್ರೊಸೆಸರ್ ಕೂರುವ ಸಾಕೆಟ್ ಎರಡರಲ್ಲೂ ಒಂದೇ ಆಗಿರಬೇಕು. ಎಎಂಡಿಯ ಎಎಂ4 ಸಾಕೆಟ್ ಡಿಡಿಆರ್4 ರ‍್ಯಾಮ್ ಅನ್ನು ಬಳಸುತ್ತದೆ. 2022ರಲ್ಲಿ ಬಂದ ಎಎಂ5 ಡಿಡಿಆರ್5 ಅನ್ನು ಮಾತ್ರ ಸ್ವೀಕರಿಸುತ್ತದೆ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನ ಬೋರ್ಡ್‌ಗಳು ಎರಡೂ ಬಗೆಯಲ್ಲಿ ದೊರೆಯುತ್ತವೆ, ಆದರೆ ಬೋರ್ಡ್‌ಗೆ ಒಂದೇ ಬಗೆ ಎಂಬುದು ಸಾಮಾನ್ಯ ನಿಯಮ. ಸಾಕೆಟ್ ಒಂದೇ ಆದರೂ ಬಯಾಸ್ ಹಳೆಯದಾಗಿದ್ದರೆ ಯಂತ್ರ ಏಳುವುದಿಲ್ಲ: ರೈಜೆನ್ 5000 ಸರಣಿಗಿಂತ ಮೊದಲು ತಯಾರಾದ ಬಿ450 ಬೋರ್ಡಿನ ಬಯಾಸ್ ಅನ್ನು ನವೀಕರಿಸದ ಹೊರತು ಆ ಸರಣಿಯ ಪ್ರೊಸೆಸರ್ ಅದರಲ್ಲಿ ಕೆಲಸ ಮಾಡದು. ನವೀಕರಣವನ್ನು ಅಂಗಡಿಯಲ್ಲಿಯೇ ಮಾಡಿಸಿಕೊಳ್ಳಬಹುದು.

ಆರು ಕೋರ್, ಹನ್ನೆರಡು ಥ್ರೆಡ್‌ಗಳ ರೈಜೆನ್ 5 5600 ಅಥವಾ ಕೋರ್ ಐ5-12400ಎಫ್ ದರ್ಜೆಯ ಪ್ರೊಸೆಸರ್ ಮಿತ ಬಜೆಟ್ಟಿನ ಕಾರ್ಡ್‌ಗಳಿಗೆ ಸಾಕು. ಇಂಟೆಲ್ ಹೆಸರುಗಳ ಕೊನೆಯ ‘ಎಫ್’ ಅಕ್ಷರವು ಅಂತರ್ಗತ ಗ್ರಾಫಿಕ್ಸ್ ಇಲ್ಲವೆಂಬುದನ್ನು ಸೂಚಿಸುತ್ತದೆ. ರೈಜೆನ್ 5 5600ರಲ್ಲಿಯೂ ಅದಿಲ್ಲ. ಗ್ರಾಫಿಕ್ಸ್ ಕಾರ್ಡನ್ನು ಕೆಲವು ತಿಂಗಳು ಬಿಟ್ಟು ಕೊಳ್ಳಲು ಯೋಚಿಸುವ ವಿದ್ಯಾರ್ಥಿಗೆ ಇದು ಮುಖ್ಯ ವಿಷಯ, ಏಕೆಂದರೆ ಅಲ್ಲಿಯವರೆಗೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಅಂತಹವರಿಗೆ 5600ಜಿ ಮಾದರಿ ಹೊಂದುತ್ತದೆ, ಆದರೆ ಅದು ಮೂರನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್‌ಗೆ ಸೀಮಿತ.

ರ‍್ಯಾಮ್ ಮತ್ತು ಸಂಗ್ರಹ

16 ಜಿಬಿ ರ‍್ಯಾಮ್ ಈಗಿನ ಆಟಗಳಿಗೆ ಸಾಧಾರಣ ಅಗತ್ಯ. ಅದನ್ನು ಒಂದೇ ಪಟ್ಟಿಯಾಗಿ ಕೊಳ್ಳುವುದಕ್ಕಿಂತ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಂಡರೆ ಪ್ರೊಸೆಸರ್ ಎರಡು ವಾಹಿನಿಗಳನ್ನೂ ಬಳಸುತ್ತದೆ. ಅಂತರ್ಗತ ಗ್ರಾಫಿಕ್ಸ್‌ನಲ್ಲಿ ಆಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ರ‍್ಯಾಮ್ ಬೆಲೆ ಸ್ಥಿರವಲ್ಲ: 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಅದು ತೀವ್ರವಾಗಿ ಏರಿತು. ಸಂಗ್ರಹಕ್ಕೆ ಎಸ್‌ಎಸ್‌ಡಿ ಅನಿವಾರ್ಯವೆನ್ನಬಹುದು. ಸಾಟಾ ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ ಸುಮಾರು 550 ಎಂಬಿ. ಎನ್‌ವಿಎಂಇ ಮಾದರಿಗಳದು ಇದರ ಹಲವು ಪಟ್ಟು.

ವಿದ್ಯುತ್ ಪೂರೈಕೆ

ಎಸ್‌ಎಂಪಿಎಸ್ ಎಂದು ಕರೆಯಲಾಗುವ ವಿದ್ಯುತ್ ಪೂರೈಕೆ ಘಟಕದ ಮೇಲೆ ಹಣ ಉಳಿಸುವುದು ಮೊದಲ ಜೋಡಣೆಯ ಅತಿ ದುಬಾರಿ ತಪ್ಪು. ಅದು ವೇಗವನ್ನು ಹೆಚ್ಚಿಸುವುದಿಲ್ಲ, ಹೊರಗೆ ಕಾಣುವುದಿಲ್ಲ. ಕೆಲವೊಮ್ಮೆ ಕ್ಯಾಬಿನೆಟ್ ಜೊತೆಗೆ ಪುಕ್ಕಟೆಯಾಗಿಯೂ ಬರುತ್ತದೆ. ಆದರೆ ಕಳಪೆ ಘಟಕ ಸುಟ್ಟಾಗ ಬೋರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡನ್ನೂ ಹಾಳುಮಾಡುವ ಸಾಧ್ಯತೆಯಿದೆ.

ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬದೆ ಘಟಕಕ್ಕೆ ಅಂಟಿಸಿದ ಚೀಟಿಯನ್ನು ಓದಬೇಕು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಮುಖ್ಯವಾಗಿ ವಿದ್ಯುತ್ ಒದಗಿಸುವುದು 12 ವೋಲ್ಟಿನ ಸಾಲು. ಆ ಸಾಲಿನ ಎದುರು 18 ಆಂಪಿಯರ್ ಎಂದಿದ್ದರೆ ದೊರೆಯುವುದು 12×18, ಅಂದರೆ 216 ವ್ಯಾಟ್; ಪೆಟ್ಟಿಗೆಯ ಮೇಲೆ 450 ಎಂದು ಬರೆದಿದ್ದರೂ ಅಷ್ಟೇ. ಆರ್‌ಎಕ್ಸ್ 6600 ಕಾರ್ಡಿಗೆ 132 ವ್ಯಾಟ್, ರೈಜೆನ್ 5 5600ಕ್ಕೆ ಗರಿಷ್ಠ 76 ವ್ಯಾಟ್ ಬೇಕು. ಬೋರ್ಡ್, ರ‍್ಯಾಮ್, ಫ್ಯಾನ್‌ಗಳಿಗೆ 50 ವ್ಯಾಟ್ ಹಿಡಿದರೆ ಒಟ್ಟು 258. ಈ ಯಂತ್ರಕ್ಕೆ ನಂಬಲರ್ಹ ತಯಾರಕರ 450 ಅಥವಾ 550 ವ್ಯಾಟ್ ಘಟಕ ಸಾಕು. 750 ವ್ಯಾಟ್ ಬೇಕೆಂಬ ವ್ಯಾಪಾರಿಯ ಸಲಹೆಯನ್ನು ಒಪ್ಪಬೇಕಾಗಿಲ್ಲ. 2004ರಲ್ಲಿ ಆರಂಭವಾದ ‘80 ಪ್ಲಸ್’ ಗುರುತು ವಿದ್ಯುತ್ ದಕ್ಷತೆಯನ್ನು ಅಳೆಯುತ್ತದೆಯೇ ಹೊರತು ರಕ್ಷಣಾ ವ್ಯವಸ್ಥೆಯನ್ನಾಗಲಿ ಬಾಳಿಕೆಯನ್ನಾಗಲಿ ಅಲ್ಲ.

ವಿದ್ಯುತ್ ಆಗಾಗ ಕಡಿತವಾಗುವ ಊರುಗಳಲ್ಲಿ ಯುಪಿಎಸ್ ಕೂಡ ಬಜೆಟ್ಟಿನ ಭಾಗವೇ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಕೊಡುತ್ತದೆ. ಮಾನಿಟರ್ ಸೇರಿದಾಗ ಮೇಲಿನ ಯಂತ್ರ ಆ ಮಿತಿಯ ಸಮೀಪಕ್ಕೆ ಬರುವುದರಿಂದ 1000 ವಿಎ ಹೆಚ್ಚು ಸುರಕ್ಷಿತ.

ಕ್ಯಾಬಿನೆಟ್

ಮುಂಭಾಗದಲ್ಲಿ ಜಾಲರಿ ಇರುವುದು ಗಾಜಿಗಿಂತ ತಂಪು. ಕಾರ್ಡಿನ ಉದ್ದ ಮತ್ತು ಬೋರ್ಡಿನ ಅಳತೆ ಹಿಡಿಸುವಂತಿದ್ದರೆ ಸಾಕು.

ಖರೀದಿ

ಬಳಸಿದ ಕಾರ್ಡ್‌ಗಳು ಅಗ್ಗ. 2022ರ ಸೆಪ್ಟೆಂಬರ್‌ನಲ್ಲಿ ಎಥೆರಿಯಮ್ ಕ್ರಿಪ್ಟೊ ಹಣದ ಗಣಿಗಾರಿಕೆ ನಿಂತ ಬಳಿಕ ತಿಂಗಳುಗಟ್ಟಲೆ ಹಗಲಿರುಳು ದುಡಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಇವೆಲ್ಲವೂ ಕೆಟ್ಟವೆನ್ನಲಾಗದು, ಆದರೆ ಅರ್ಧ ಗಂಟೆ ಆಟ ಓಡಿಸಿ ನೋಡದೆ ಕೊಳ್ಳುವುದು ಅಪಾಯಕರ. ಹೊಸ ಭಾಗಗಳಿಗೆ ಬಿಲ್ಲಿಲ್ಲದೆ ಶೇ. 18ರ ಜಿಎಸ್‌ಟಿ ಉಳಿಸಿಕೊಡುವ ಪ್ರಸ್ತಾಪ ಬರುವುದುಂಟು. ಖರೀದಿಯ ದಿನಾಂಕ ಹಾಗೂ ಕ್ರಮಸಂಖ್ಯೆಯುಳ್ಳ ಬಿಲ್ಲು ಇಲ್ಲದಿದ್ದರೆ ವಾರಂಟಿ ಪಡೆಯುವುದು ಕಷ್ಟವಾಗುವುದರಿಂದ, ಮೂರು ವರ್ಷದ ವಾರಂಟಿಯುಳ್ಳ ಕಾರ್ಡಿಗೆ ಈ ಉಳಿತಾಯ ನಷ್ಟವೇ ಆಗಬಹುದು.

ಜೋಡಣೆಯ ನಂತರದ ತಪ್ಪುಗಳು

ಸರಿಯಾದ ಭಾಗಗಳನ್ನು ಕೊಂಡ ಮೇಲೂ ಯಂತ್ರ ನಿಧಾನವೆನಿಸಿದರೆ ಕಾರಣ ಬಹಳ ಸಲ ಚಿಕ್ಕದಿರುತ್ತದೆ. ಮಾನಿಟರ್ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿದ್ದರೆ ಕಾರ್ಡ್ ಇದ್ದೂ ಇಲ್ಲದಂತಾಗುತ್ತದೆ, ಇಲ್ಲವೇ ಪರದೆ ಕಪ್ಪಾಗಿಯೇ ಉಳಿಯುತ್ತದೆ. 3200ರ ಡಿಡಿಆರ್4 ರ‍್ಯಾಮ್, ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆಯ್ಕೆಯನ್ನು ಸಕ್ರಿಯಗೊಳಿಸುವವರೆಗೆ ಕೆಳಗಿನ ವೇಗದಲ್ಲಿ ನಡೆಯಬಹುದು. ನಾಲ್ಕು ಸ್ಥಾನಗಳ ಬೋರ್ಡಿನಲ್ಲಿ ಎರಡು ಪಟ್ಟಿಗಳನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಕೂರಿಸಬೇಕು. 144 ಹರ್ಟ್ಸ್ ಮಾನಿಟರ್ ಅನ್ನು ಕಾರ್ಯಾಚರಣ ವ್ಯವಸ್ಥೆ ಮೊದಲಿಗೆ 60 ಹರ್ಟ್ಸ್‌ನಲ್ಲಿಯೇ ನಡೆಸುವುದುಂಟು. ಹೆಚ್ಚು ಹಣ ಕೊಟ್ಟು ಕೊಂಡ ಪರದೆಯನ್ನು ತಿಂಗಳುಗಟ್ಟಲೆ ಹಾಗೆಯೇ ಬಳಸಿದವರಿದ್ದಾರೆ. ಪ್ರದರ್ಶನ ಸಂಯೋಜನೆಗಳಲ್ಲಿ ಆ ಸಂಖ್ಯೆಯನ್ನು ಒಮ್ಮೆ ಬದಲಿಸಿದರೆ ಸಾಕಾಗುತ್ತದೆ.